ನೆರಳು ಬಲಕ್ಕೆ

ಜೆಪ್ಪಿನ ಗ್ಯಾರೇಜಿನಲ್ಲಿ ಲೋಕಯ್ಯ ಮೇಸ್ತ್ರಿ
ಬಸ್ಸಿನ ಹಣೆಗೆ ಹೆಸರು ಬರೆಯುವ ಮೊದಲು
ಬ್ರಶ್ಶಿನ ತುದಿ ನೆಕ್ಕಿ ಕೇಳುತ್ತಿದ್ದರು:
“ಬೆಳಕು ಎಲ್ಲಿಂದ, ವಾರಿಜ?”
ಎಡದಿಂದ, ಮೇಲಿಂದ.
ಹದಿನಾರರ ನಾನು ಬಣ್ಣದ ಡಬ್ಬಿ ಹಿಡಿದು
ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ.

‘ನವಜ್ಯೋತಿ’ ಎಂದರೆ ಅವರಿಗೆ ಎರಡು ದಿನದ ಕೆಲಸ.
ತಲೆಕಟ್ಟಿನ ಮೇಲೆ ಕೂದಲೆಳೆಯಷ್ಟು ಬಿಳಿ,
ಅಕ್ಷರದ ಹೊಟ್ಟೆಯಲ್ಲಿ ಹಳದಿ ಜಾರಿ ಕೇಸರಿ,
ಯ-ಒತ್ತಿನ ಬಾಲ ಸುತ್ತಿ ಬರುವಲ್ಲಿ
ಉಸಿರು ಕಟ್ಟಿ ಎಳೆದ ಕಪ್ಪು.
ಬಸ್ಸು ಪಣಂಬೂರಿಗೆ ಹೊರಳಲಿ, ಸ್ಟೇಟ್ ಬ್ಯಾಂಕಿಗೆ ಮರಳಲಿ,
ಸೂರ್ಯ ಬೇಕಾದಲ್ಲಿ ಮುಳುಗಲಿ,
ನವಜ್ಯೋತಿಯ ನೆರಳು ಬಲಕ್ಕೇ, ಕೆಳಕ್ಕೇ.
ಯಾಕೆ ಎಂದರೆ
“ಓಡುವಾಗ ಅಕ್ಷರ ಬೀಳಬಾರದಲ್ಲ?”

ಮದುವೆ ಕಾಗದ ಟೈಪ್ ಮಾಡುವ ಅಂಗಡಿಗೆ ಸೇರಿದ ದಿನ
ಮೊದಲ ಸಲ ಕಂಡೆ ಆ ಬೂದು ಕಿಟಕಿ.
ಗುಂಡಿಯ ಎಡಕ್ಕೂ ಮೇಲಕ್ಕೂ ಬಿಳಿ ಗೆರೆ,
ಬಲಕ್ಕೂ ಕೆಳಕ್ಕೂ ಕಪ್ಪು.
ಒತ್ತಿದರೆ ಗೆರೆಗಳು ಅದಲು ಬದಲು,
ದಿಬ್ಬ ಹೊಂಡವಾಗುತ್ತದೆ, ಬಿಟ್ಟರೆ ಮತ್ತೆ ದಿಬ್ಬ.
ನಾಲ್ಕೇ ಗೆರೆ!
ಗ್ಯಾರೇಜಿಗೆ ಓಡಿ ಕರೆದು ತಂದೆ.
ಸೀಮೆಎಣ್ಣೆಯ ಕೈ ಬೆನ್ನಿಗೆ ಕಟ್ಟಿ, ಬಗ್ಗಿ ನೋಡಿ
“ಇವನೂ ಯಾರದೋ ಡಬ್ಬಿ ಹಿಡಿದವನೇ” ಎಂದರು.

ಆಮೇಲೆ ಗುಂಡಿಗಳೆಲ್ಲ
ಗಡ್‌ಬಡ್ ಗ್ಲಾಸಿನ ಜೆಲ್ಲಿಯಂತೆ ಉಬ್ಬಿದ ಕಾಲವೂ ಬಂತು.
ಕಸದ ಬುಟ್ಟಿಯಲ್ಲಿ ನಿಜಕ್ಕೂ ಮುದುಡಿದ ಕಾಗದ,
ಟಿಪ್ಪಣಿ ಪುಸ್ತಕಕ್ಕೆ ಹೊಲಿಗೆ.
ಸ್ವಲ್ಪ ಅತಿಯಾಯಿತು, ಒಪ್ಪುತ್ತೇನೆ.
ಆದರೂ ಒಂದು ಬೆಳಿಗ್ಗೆ ಶಟರ್ ಎತ್ತಿ ಕೂತರೆ
ರಾತ್ರಿ ಯಾರೋ ಬಂದು
ಇಡೀ ಪರದೆಗೆ ಇಸ್ತ್ರಿ ಹಾಕಿ ಹೋಗಿದ್ದರು.
ಅಂಚಿಲ್ಲ, ದಪ್ಪವಿಲ್ಲ,
ಬರೇ ಪದಗಳು ಚಾಪೆಯ ಮೇಲೆ ಮಲಗಿದ ಹಾಗೆ.
ಯಾವುದು ಬಾಗಿಲು, ಯಾವುದು ಬರೇ ಮಾತು,
ಬೆರಳಿಗೆ ತಿಳಿಯದು.

ಬೈಯಲು ನನಗೆ ಬಾಯಿಲ್ಲ.
ಅದೇ ವರ್ಷ ಸಾಲ ಮಾಡಿ ನಾನೂ
ಸ್ಟಿಕ್ಕರ್ ಕತ್ತರಿಸುವ ಯಂತ್ರ ತಂದಿದ್ದೆ.
ನವಜ್ಯೋತಿಯ ಹಣೆಗೆ ನಾನೇ ಅಂಟಿಸಿದೆ,
ಮುಕ್ಕಾಲು ಗಂಟೆಯಲ್ಲಿ, ಒಂದೇ ಬಣ್ಣ.
ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಂದು
ಏನೂ ಹೇಳದೆ
ಯ-ಒತ್ತಿನ ಅಡಿಯಲ್ಲಿ ಉಳಿದಿದ್ದ ಗಾಳಿಗುಳ್ಳೆಯನ್ನು
ಹೆಬ್ಬೆರಳಿನಿಂದ ಒತ್ತಿ ಒತ್ತಿ ಹೊರಗೆ ದಾಟಿಸಿದರು.

ಈಗ ಗಾಜು.
ಮೊನ್ನೆಯ ಅಪ್‌ಡೇಟಿನಿಂದ ಎಲ್ಲವೂ ಗಾಜು.
ಮೆನು ಬಿಚ್ಚಿದರೆ ಅದರೊಳಗಿಂದ
ನಾನೇ ಹಾಕಿದ ಬೆಂಗ್ರೆಯ ದೋಣಿಗಳು ಕಾಣುತ್ತವೆ,
‘ಉಳಿಸು’ ಎಂಬ ಅಕ್ಷರದ ಮೇಲೆ ಹಗ್ಗ, ಬಲೆ.
ಪೊರೆ ತೆಗೆಸಿದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ
ಪಿಂಚಣಿ ಅರ್ಜಿ ಹಿಡಿದು ಬಂದರು ಮೇಸ್ತ್ರಿ.
“ಎಂತ ಮಾರಾಯ್ತಿ, ಬರೆದವ ಹಿಂದಿನದ್ದನ್ನು ಉಜ್ಜಲೇ ಇಲ್ವಾ?”
ಆಮೇಲೆ, ಹಳೆಯ ದನಿಯಲ್ಲಿ:
“ಬೆಳಕು ಎಲ್ಲಿಂದ?”

ಮೌಸ್ ಆಡಿಸಿ ನೋಡಿದೆ.
ಗಾಜಿನಂಚಿನ ಹೊಳಪು ಬಾಣದ ಹಿಂದೆಯೇ ಬಂತು,
ಎಡಕ್ಕೆ ಹೋದರೆ ಎಡದಿಂದ, ಬಲಕ್ಕೆ ಹೋದರೆ ಬಲದಿಂದ.
“ನಾನು ಹೋದಲ್ಲಿಂದ,” ಎಂದೆ.
“ಹಾಗಾದರೆ ಅದಕ್ಕೆ ನಿನ್ನ ಹೆದರಿಕೆ ಉಂಟು,”
ನಕ್ಕರು, ಕೆಮ್ಮಿದರು, ಅರ್ಜಿಗೆ ಸಹಿ ಹಾಕಿದರು.
ಸಹಿಯ ಕೆಳಗೂ ಒಂದು ಗೆರೆ, ಬಲಕ್ಕೆ ದಪ್ಪ.

ಅವರು ಹೋದ ಮೇಲೆ ಸೆಟ್ಟಿಂಗ್ಸ್ ಹುಡುಕಿದೆ.
‘ಪಾರದರ್ಶಕತೆ ತಗ್ಗಿಸು’ ಎಂಬುದು ನಾಲ್ಕನೇ ಕೋಣೆಯಲ್ಲಿತ್ತು.
ಗಾಜಿಗೆ ಮಂಜು ಹಿಡಿಯಿತು, ದೋಣಿಗಳು ಹೋದವು,
ಗುಂಡಿ ಮಾತ್ರ ಏಳಲಿಲ್ಲ.

ಸಂಜೆ, ಗಿರಾಕಿ ಇಲ್ಲದ ಹೊತ್ತು,
ವೈಟ್ನರ್ ಬಾಟಲಿ ಕುಲುಕಿ
ಮಾನಿಟರಿನ ಚೌಕಟ್ಟಿಗೆ ಎರಡು ಗೆರೆ ಎಳೆದೆ,
ಎಡಕ್ಕೊಂದು, ಮೇಲಕ್ಕೊಂದು.
ಉಳಿದೆರಡು ಬದಿ ಮೊದಲೇ ಕಪ್ಪು.

“ಎಂತಾಯ್ತಕ್ಕ, ಒಡೆದುಹೋಯ್ತಾ?”
ಆಧಾರ್ ಜೆರಾಕ್ಸಿಗೆ ಬಂದ ಹುಡುಗ ಕೇಳಿದ.
ಇಲ್ಲ, ಎಂದೆ.
ಈಗ ಒತ್ತಬಹುದು.